ಸೊನ್ನೆ ಕಟ್ಟಿದ ಪೈಪು

ಶಿಕಾಗೋದಲ್ಲಿ ಮನೆಯ ವೈರೆಲ್ಲ ಕಬ್ಬಿಣದ ಪೈಪಿನೊಳಗೇ ಹೋಗಬೇಕು, ಕಾನೂನು ಹಾಗಿದೆ. ಬೇರೆ ಊರಿನ ಎಲೆಕ್ಟ್ರಿಷಿಯನ್‌ಗಳು ನಮ್ಮನ್ನು ನೋಡಿ ನಗುತ್ತಾರೆ. ನಗಲಿ. ಎಪ್ಪತ್ತು ವರ್ಷದ ಹಿಂದೆ ಗೋಡೆಯೊಳಗೆ ಹೂತ ಪೈಪಿನಿಂದ ಬಟ್ಟೆ ಸುತ್ತಿದ ಹಳೇ ವೈರನ್ನು ಎಳೆದು ಬಿಸಾಕಿ, ಅದೇ ಪೈಪಿನಲ್ಲಿ ಹೊಸದು ತೂರಿಸಿ ಸಾಯಂಕಾಲ ಮನೆಗೆ ಹೋಗುವವರು ನಾವು. ಗೋಡೆ ಒಡೆಯುತ್ತ ಕೂರುವವರು ಅವರು. ಇನ್ನೊಂದು ವಿಷಯವೆಂದರೆ, ಇಲ್ಲಿ ಆ ಪೈಪೇ ಅರ್ತಿಂಗ್. ಬೇರೆ ಹಸಿರು ವೈರು ಎಳೆಯಬೇಕಾಗಿಲ್ಲ. ಫ್ರಿಜ್ಜಿನ ಮೈಗೆ ಕರೆಂಟು ಬಂತೆನ್ನಿ, ಅದು ಸಾಕೆಟ್ಟಿನ ಕಬ್ಬಿಣದ ಡಬ್ಬಿಗೆ ಇಳಿದು, ಪೈಪು ಹಿಡಿದು ನೆಲಮಾಳಿಗೆಯ ಮೇನ್ ಬೋರ್ಡಿಗೆ ಓಡಿ ಫ್ಯೂಸ್ ಹಾರಿಸುತ್ತದೆ. ಮನುಷ್ಯ ಬದುಕುತ್ತಾನೆ. ಪೈಪು ನಡುವೆ ಎಲ್ಲೂ ತುಂಡಾಗಿರಬಾರದು, ಅಷ್ಟೇ.

ನಾನು ಹೇಳುತ್ತಿರುವುದು ೧೯೯೪ರ ಮಾತು. ಕೆಲಸಕ್ಕೆ ನಾವು ಮೂವರು, ಮೂವರೂ ಪೋಲೆಂಡಿನ ಬೆಟ್ಟದ ಸೀಮೆಯವರು. ಲೆಷೆಕ್ ಯಜಮಾನ. ಲೈಸೆನ್ಸು ಅವನದು, ವ್ಯಾನು ಅವನದು, ಬೈಗುಳವೂ ಅವನದೇ. ರೋಮೆಕ್‌ಗೆ ಆಗ ನಲವತ್ತಾರು, ಊರಲ್ಲಿ ಇಪ್ಪತ್ತು ವರ್ಷ ಶೂ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಆಗಿದ್ದವನು. ನಾನು ಮಿರೆಕ್, ಮೂವತ್ತೊಂದು. ರೋಮೆಕ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ‘ಎಸ್’, ‘ಥ್ಯಾಂಕ್ಯೂ’, ‘ನೋ ಪ್ರಾಬ್ಲಮ್’, ಈ ಮೂರೇ ಮಾತಿನಲ್ಲಿ ಆರು ವರ್ಷ ದೂಡಿದ್ದ. ನಾನು ಬಂದ ಹೊಸದರಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು ಇಂಗ್ಲಿಷ್ ಕಲಿತಿದ್ದೆ. ಅವನಿಗೆ ಹಲ್ಲು ನೋವು ಬಂದರೂ ಡಾಕ್ಟರ ಎದುರು ಅವನ ಬಾಯಿ ನಾನೇ.

ಲೆಷೆಕ್ ನಮ್ಮಿಬ್ಬರಿಗೂ ಒಂದೇ ಬೆಲ್ಲ ತೋರಿಸಿದ್ದ, ಅದು ಕಾಗದ. ‘ಈ ಕೆಲಸಗಾರ ನನಗೆ ಬೇಕೇ ಬೇಕು’ ಎಂದು ಯಜಮಾನನಾದವನು ಸರಕಾರಕ್ಕೆ ಬರೆದುಕೊಟ್ಟರೆ ಗ್ರೀನ್ ಕಾರ್ಡು. ಕಾರ್ಡು ಬಂದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಕಾಗದವಿಲ್ಲದೆ, ವೀಸಾ ಮುಗಿಸಿ ಕೂತ ನಮ್ಮಂಥವರು ಊರಿಗೆ ಹೋದರೆ ಮತ್ತೆ ಈ ಕಡೆ ತಲೆ ಹಾಕುವಂತಿಲ್ಲ. ಒಂದು ಸಲಕ್ಕೆ ಒಬ್ಬನಿಗೆ ಮಾತ್ರ ಎಂದು ಲೆಷೆಕ್ ಖಡಾಖಂಡಿತವಾಗಿ ಹೇಳಿದ್ದ. ಸರದಿ ರೋಮೆಕ್‌ನದು. ಈಸ್ಟರ್ ಕಳೆದ ಮೇಲೆ ವಕೀಲನ ಹತ್ತಿರ ಹೋಗುವುದೆಂದು ಮಾತಾಗಿತ್ತು. ಅವನು ಬರುವಾಗ ಮಗಳು ಕಿಂಗಾಗೆ ನಾಲ್ಕು ವರ್ಷ, ಈಗ ಹತ್ತು. ಭಾನುವಾರ ಚರ್ಚಿನಿಂದ ಬಂದವನೇ ಫೋನ್ ಬೂತಿನಲ್ಲಿ ನಿಂತು ಅವಳಿಂದ ಮಗ್ಗಿ ಹೇಳಿಸುತ್ತಿದ್ದ. ಏಳರ ಮಗ್ಗಿ ತಪ್ಪಿದರೆ ಸಮುದ್ರದ ಈಚೆಯಿಂದಲೇ ಗದರುತ್ತಿದ್ದ. ಹೊರಗೆ ಸರದಿಯಲ್ಲಿ ನಿಂತವರು ಬಾಗಿಲು ಬಡಿಯುತ್ತಿದ್ದರು.

ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ನನಗೆ ಅವನೇನೂ ಕೇಡು ಮಾಡಿರಲಿಲ್ಲ. ಹಳೇ ಪೈಪಿಗೆ ಹೊಸ ಪೈಪು ಜೋಡಿಸುವಾಗ ಅವನು ಹಳೆಯದರ ಕಪ್ಪು ಬಣ್ಣವನ್ನು ಚಾಕುವಿನಿಂದ ಕೆರೆದು ಕೆರೆದು, ಲೋಹ ಬೆಳ್ಳಗೆ ಹೊಳೆಯುವವರೆಗೂ ಬಿಡುತ್ತಿರಲಿಲ್ಲ. ಬಣ್ಣದ ಮೇಲೆ ತಿರುಪು ಕೂತರೆ ಅರ್ತಿಂಗ್ ಹಿಡಿಯುವುದಿಲ್ಲ, ನಿಜ. ಆದರೆ ಎಲ್ಲರೂ ನಾಲ್ಕು ಸಲ ಕೆರೆದು ಸುಮ್ಮನಾಗುತ್ತಾರೆ.

“ನೋಡೋ ಕತ್ತೆ, ಮುದುಕ ಹೇಗೆ ಮಾಡ್ತಾನೆ ನೋಡಿ ಕಲಿ,” ಎಂದು ಲೆಷೆಕ್ ನನ್ನನ್ನು ಚುಚ್ಚುತ್ತಿದ್ದ. ಮರುಗಳಿಗೆಯಲ್ಲೇ ಅವನಿಗೆ, “ಲೋ ರೋಮೆಕ್, ಪೈಪಿಗೆ ಮದುವೆ ಮಾಡ್ತಿದ್ದೀಯೇನೋ? ಸಾಕು ಎಣ್ಣೆ ನೀರು ಹಾಕಿದ್ದು!”

ರೋಮೆಕ್ ನಗುತ್ತಿದ್ದ. ಬೈಗುಳಕ್ಕೆ ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆ ಮಾರ್ಚಿನಲ್ಲಿ ಆರ್ಚರ್ ರಸ್ತೆಯ ಹಿಂದಿನ ಒಂದು ಇಟ್ಟಿಗೆಯ ಬಂಗಲೆಯಲ್ಲಿ ಕೆಲಸ. ಮನೆ ಮಿಸೆಸ್ ಪಸೆಲ್ಲಿ ಎಂಬ ವಿಧವೆಯದು. ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದಳು. ಹಳೇ ದಪ್ಪ ಪೈಪನ್ನು ಹಾಗೇ ಇಟ್ಟುಕೊಂಡು, ಅದು ಮುಗಿಯುವಲ್ಲಿ ಎರಡು ಅಳತೆಯ ಪೈಪು ಕೂಡಿಸುವ ಅಡಾಪ್ಟರ್ ತಿರುಗಿಸಿ, ಅಲ್ಲಿಂದ ಮುಂದೆ ತೆಳು ಪೈಪು ಓಡಿಸಿ ನಾಲ್ಕು ಸಾಕೆಟ್ ಕೊಡಬೇಕಿತ್ತು. ಮಂಗಳವಾರ ಮಧ್ಯಾಹ್ನದೊಳಗೆ ವೈರು ತೂರಿಸಿ ಮುಗಿಸಿದೆವು. ರೋಮೆಕ್ ತನ್ನ ಅಭ್ಯಾಸದಂತೆ ಕೊನೆಯಲ್ಲಿ ಮೀಟರ್ ಹಿಡಿದ. ಹಿಡಿದವನು ಇನ್ನೊಮ್ಮೆ ಹಿಡಿದ. ಆಮೇಲೆ ಲೆಷೆಕ್‌ನನ್ನು ಕರೆದ.

“ಯಜಮಾನ್ರೇ, ಈ ಪೈಪು ನಡುವೆ ಎಲ್ಲೋ ತುಂಡಾಗಿದೆ. ಇಲ್ಲಿಂದ ಮೇನ್ ಬೋರ್ಡಿಗೆ ಅರ್ತಿಂಗೇ ಇಲ್ಲ. ವೈರು ಎಳೆಯೋವಾಗ ಕಪ್ಪು ಪುಡಿ ಬಂತಲ್ಲ, ಅದು ರಬ್ಬರು. ಯಾರೋ ಪುಣ್ಯಾತ್ಮ ಪೈಪು ಕೊಯ್ದು ನಡುವೆ ರಬ್ಬರ್ ಹೋಸು ಸಿಕ್ಸಿದ್ದಾನೆ.”

“ಎಲ್ಲಿ?”

“ಆ ಕಪಾಟಿನ ಹಿಂದೆ ಇರ್ಬೇಕು.”

ಕಪಾಟುಗಳನ್ನು ಬಡಗಿ ಹಿಂದಿನ ದಿನವಷ್ಟೇ ಗೋಡೆಗೆ ಕೂರಿಸಿ ಹೋಗಿದ್ದ. ಕೆಳಗೆ ಬಿಳಿ ಟೈಲ್ಸು, ಇನ್ನೂ ಒದ್ದೆ.

“ಕಪಾಟು ಇಳಿಸೋ ಮಾತು ಆಡ್ಬೇಡ,” ಎಂದ ಲೆಷೆಕ್.

“ಹಾಗಾದ್ರೆ ಒಂದು ಹಸಿರು ವೈರು ಎಳೆಯೋಣ. ಪೈಪು ತುಂಬಿದೆ, ಇರೋದನ್ನೆಲ್ಲ ವಾಪಸ್ ಎಳ್ದು ಒಟ್ಟಿಗೇ ತೂರಿಸ್ಬೇಕಾಗುತ್ತೆ. ಒಂದು ದಿನದ ಕೆಲಸ. ಭಾನುವಾರ ನಾನೊಬ್ನೇ ಬಂದು ಮಾಡ್ತೀನಿ, ಕೂಲಿ ಕೊಡ್ಬೇಡಿ.”

“ಇನ್ಸ್‌ಪೆಕ್ಟರ್ ಬರೋದು ಗುರುವಾರ, ನೀನು ಬರೋದು ಭಾನುವಾರ! ಅವ್ನಿಗೆ ಏನಂತ ಹೇಳ್ಲಿ? ನಮ್ಮ ರೋಮೆಕ್ ಸಾಹೇಬ್ರು ಚರ್ಚಿಗೆ ಹೋಗಿದ್ದಾರೆ, ಕೂತ್ಕೋಪ್ಪಾ ಅಂತ್ಲಾ? ನಾಳೆ ನೀವಿಬ್ರೂ ಸಿಸೆರೋ ಊರಿನ ಕೆಲಸದಲ್ಲಿ ಇರ್ಬೇಕು. ಮಾತು ಕೊಟ್ಟಿದ್ದೀನಿ.”

“ಮತ್ತೆ ಇದಕ್ಕೇನು ಮಾಡ್ಲಿ?”

ಲೆಷೆಕ್ ಸಿಗರೇಟು ಹಚ್ಚಿದ. “ಊರಲ್ಲಿ ಇಂಥದ್ದು ಬಂದ್ರೆ ಏನ್ ಮಾಡ್ತಿದ್ದೆ?”

“ಊರಲ್ಲಾ? ಸೊನ್ನೆ ಕಟ್ತಿದ್ದೆ.”

ಸೊನ್ನೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಆಗೆಲ್ಲ ಪೋಲೆಂಡಿನ ಮನೆಗಳಲ್ಲಿ ಎರಡೇ ವೈರು, ಫೇಸು ಮತ್ತು ನ್ಯೂಟ್ರಲ್. ಅರ್ತಿಂಗ್ ಬೇಕೆಂದರೆ ನ್ಯೂಟ್ರಲಿನಿಂದ ಒಂದು ತುಂಡು ವೈರು ತೆಗೆದು ಸಾಕೆಟ್ಟಿನ ಅರ್ತಿನ ಕಡ್ಡಿಗೇ ಕಟ್ಟಿಬಿಡುತ್ತಿದ್ದೆವು. ಅಲ್ಲಿ ಅದೇ ಶಾಸ್ತ್ರ, ಶಾಲೆಯಲ್ಲಿ ಕಲಿಸಿ ಪರೀಕ್ಷೆಗೆ ಕೇಳುತ್ತಿದ್ದರು. ಇಲ್ಲಿ ಅದು ಅಪರಾಧ. ಟೆಸ್ಟರ್ ಚುಚ್ಚಿದರೆ ದೀಪಗಳೆಲ್ಲ ಸರಿಯಾಗೇ ಉರಿಯುತ್ತವೆ, ಬಡಪಾಯಿ ಟೆಸ್ಟರಿಗೆ ಏನು ಗೊತ್ತು? ಆದರೆ ನ್ಯೂಟ್ರಲ್ ಎಲ್ಲಾದರೂ ಸಡಿಲವಾದರೆ ಇಡೀ ಕರೆಂಟು ಆ ತುಂಡಿನ ಮೂಲಕ ಪೈಪಿಗೆ, ಡಬ್ಬಿಗೆ, ಫ್ರಿಜ್ಜಿನ ಬಾಗಿಲಿಗೆ ಬಂದು ಕೂರುತ್ತದೆ. ಮುಟ್ಟಿದವರ ಕಥೆ ಮುಗಿಯಿತು.

“ನಾನೇನೂ ಹೇಳ್ಲಿಲ್ಲ, ನೀನೇ ಹೇಳಿದ್ದು,” ಎಂದ ಲೆಷೆಕ್. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

“ಇಲ್ಲಿ ಅದು ತಪ್ಪು ಯಜಮಾನ್ರೇ. ಆ ಹೆಂಗಸು ಒಬ್ಬಳೇ ಇರ್ತಾಳೆ. ಮಿರೆಕ್, ನೀನಾದ್ರೂ ಹೇಳೋ.”

ನಾನು ಭುಜ ಹಾರಿಸಿ ಪೈಪು ಕೊಯ್ಯುವ ಗರಗಸ ಒರೆಸುತ್ತ ಕೂತೆ.

ಲೆಷೆಕ್ ಹೊಗೆ ಬಿಟ್ಟ. “ರೋಮೆಕ್, ಈಸ್ಟರ್ ಆದ್ಮೇಲೆ ವಕೀಲನ ಹತ್ರ ಹೋಗೋದಾ, ಬೇಡ್ವಾ? ಹೋಗೋದಾದ್ರೆ ಕಟ್ಟು.”

ರೋಮೆಕ್ ಸ್ವಲ್ಪ ಹೊತ್ತು ಚಾಕುವನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದ. ಆಮೇಲೆ ಮೊಣಕಾಲೂರಿ ಮೊದಲನೇ ಡಬ್ಬಿಯಲ್ಲಿ ನ್ಯೂಟ್ರಲಿನಿಂದ ಅರ್ತಿಗೆ ಒಂದು ತುಂಡು ಬಿಳಿ ವೈರು ಕಟ್ಟಿದ. ನಾಲ್ಕು ಡಬ್ಬಿಗೂ ನಡುವೆ ಪೈಪು ಇದ್ದುದರಿಂದ ಒಂದೇ ತುಂಡು ಸಾಕಾಯಿತು. ಅದನ್ನೂ ಎಷ್ಟು ಚೆಂದ ಕಟ್ಟಿದನೆಂದರೆ, ಕಳ್ಳ ಕೆಲಸವನ್ನೂ ಇವನು ಅಲಂಕಾರ ಮಾಡಿ ಮಾಡುತ್ತಾನಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ವ್ಯಾನಿಗೆ ಸಾಮಾನು ತುಂಬುವಾಗ ನನ್ನ ಪಕ್ಕಕ್ಕೆ ಬಂದ. “ತಮ್ಮಾ, ಒಂದು ಉಪಕಾರ ಮಾಡು. ಭಾನುವಾರ ಮನೇಲಿರ್ತಾರಾ ಅಂತ ಆ ಅಮ್ಮನ್ನ ಕೇಳಿಡು. ಇನ್ಸ್‌ಪೆಕ್ಟರ್ ಹೋದ್ಮೇಲೆ ನಾನು ಬಂದು ಹಸಿರು ವೈರು ಎಳ್ದುಬಿಡ್ತೀನಿ. ಯಜಮಾನ್ರಿಗೆ ಗೊತ್ತಾಗೋದು ಬೇಡ. ಇದನ್ನ ಹೀಗೇ ಬಿಟ್ರೆ ನಂಗೆ ನಿದ್ದೆ ಬರಲ್ಲ.”

“ಕೇಳ್ತೀನಿ,” ಎಂದೆ. ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ನಾವು ಮೂವರೂ ಇದ್ದಾಗ ಇನ್ಸ್‌ಪೆಕ್ಟರ್ ಕಾಲಹನ್ ಬಂದ. ಮಂಡಿ ನೋವಿನ ಮುದುಕ, ಮೆಟ್ಟಿಲಿಗೊಂದು ಶಾಪ ಹಾಕುತ್ತ ಹತ್ತಿದ. ನಾಲ್ಕು ಸಾಕೆಟ್ಟಿಗೂ ಟೆಸ್ಟರ್ ಚುಚ್ಚಿದ, ನಾಲ್ಕರಲ್ಲೂ ದೀಪ ಸರಿ. ಲೆಷೆಕ್‌ನ ಹಲ್ಲು ಕಂಡವು. ಮಿಸೆಸ್ ಪಸೆಲ್ಲಿ ಕಾಫಿಗೆ ನೀರು ಹಿಡಿಯಲು ನಲ್ಲಿಯ ಹತ್ತಿರ ಹೋದಳು.

“ಹಳೇ ಬಂಗಲೆಯಲ್ಲಿ ನಾನು ಟೆಸ್ಟರ್ ನಂಬೋದಿಲ್ಲ,” ಎಂದು ಕಾಲಹನ್ ಮೊದಲನೇ ಸಾಕೆಟ್ಟಿನ ತಿರುಪು ಬಿಚ್ಚಿದ. ಸಾಕೆಟ್ಟನ್ನು ಹೊರಗೆಳೆದು, ಹಿಂದಿದ್ದ ಬಿಳಿ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದ. ಎದ್ದು ನಿಂತಾಗ ಮುಖ ಕೆಂಪಾಗಿತ್ತು. ಎಲ್ಲರನ್ನೂ ಗೋಡೆಯ ಕಡೆ ಸರಿಸಿ ನಿಲ್ಲಿಸಿ, ನೆಲಮಾಳಿಗೆಗೆ ಇಳಿದು, ಅಡುಗೆಮನೆಯ ನ್ಯೂಟ್ರಲ್ ಒಂದನ್ನೇ ಬಿಡಿಸಿ ಮೇಲೆ ಬಂದ. ಮೀಟರಿನ ಒಂದು ಮುಳ್ಳನ್ನು ಫ್ರಿಜ್ಜಿನ ಹಿಡಿಗೆ, ಇನ್ನೊಂದನ್ನು ನಲ್ಲಿಗೆ ಇಟ್ಟ. ನೂರ ಹದಿನೆಂಟು ವೋಲ್ಟ್.

“ಅಮ್ಮಾ, ಈ ವೈರು ತಾನಾಗೇ ಸಡಿಲಾಗಿದ್ದಿದ್ರೆ, ನೀವು ಒಂದು ಕೈಯಲ್ಲಿ ಫ್ರಿಜ್ಜು ಇನ್ನೊಂದು ಕೈಯಲ್ಲಿ ನಲ್ಲಿ ಹಿಡಿದ ದಿನ ನಿಮ್ಮ ಮಕ್ಕಳು ಹೂ ತಗೊಂಡು ಬರ್ತಿದ್ರು,” ಎಂದ. ಆಕೆ ಕೆಟಲನ್ನು ಮೆಲ್ಲಗೆ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು.

“ಇದನ್ನ ಮಾಡಿದ್ದು ಯಾರು?”

ಲೆಷೆಕ್ ರೋಮೆಕ್‌ನ ಕಡೆ ಕೈ ತೋರಿಸಿದ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು. “ಇವ್ನು. ನಾನು ಆವತ್ತು ಇರ್ಲೇ ಇಲ್ಲ.”

ಕಾಲಹನ್ ಹೇಳಿದ: “ಯಜಮಾನ ಹೇಳಿ ಮಾಡಿಸಿದ್ರೆ ಅವನ ಲೈಸೆನ್ಸು ರದ್ದು ಮಾಡಿ ಅಂತ ಇವತ್ತೇ ಬರೀತೀನಿ. ಇವನು ತಾನಾಗೇ ಮಾಡಿದ್ರೆ ಇವನನ್ನ ಕೆಲಸದಿಂದ ತೆಗೀಬೇಕು, ಇನ್ನು ವೈರು ಮುಟ್ಟಬಾರದು. ಎರಡರಲ್ಲಿ ಒಂದು. ಇವನ ಬಾಯಿಂದಲೇ ಕೇಳ್ಬೇಕು ನಾನು.”

ಲೆಷೆಕ್ ರೋಮೆಕ್‌ನ ಕಡೆ ತಿರುಗಿ ಪೋಲಿಷ್‌ನಲ್ಲಿ ಏನೋ ಶುರುಮಾಡಿದ. ಕಾಲಹನ್ ಕೈ ಅಡ್ಡ ಹಿಡಿದ. “ನೀನು ಬಾಯಿ ಮುಚ್ಚು. ಈ ಹುಡುಗ ಕೇಳ್ಲಿ.” ಹುಡುಗ ಅಂದರೆ ನಾನು.

ನಾನು ರೋಮೆಕ್‌ಗೆ ಎಲ್ಲವನ್ನೂ ಸರಿಯಾಗಿಯೇ ಹೇಳಿದೆ. ಅಲ್ಲಿಯವರೆಗೆ ನಾನು ಮನುಷ್ಯನಾಗಿಯೇ ಇದ್ದೆ. ರೋಮೆಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಇನ್ಸ್‌ಪೆಕ್ಟರನ ಮುಖ ನೋಡುತ್ತ, ನಮ್ಮ ಭಾಷೆಯಲ್ಲಿ ಹೇಳಿದ:

“ಅವ್ರಿಗೆ ಹೇಳು ಮಿರೆಕ್. ಪೈಪು ತುಂಡಾಗಿದೆ ಅಂತ ನಾನೇ ಯಜಮಾನ್ರಿಗೆ ತೋರಿಸ್ದೆ. ಕಪಾಟಿನ ಹಿಂದೆ ಇದೆ ಅಂದೆ, ಹಸಿರು ವೈರು ಎಳೆಯೋಣ ಅಂದೆ, ಬಿಟ್ಟಿ ಮಾಡ್ತೀನಿ ಅಂದೆ. ಬೇಡ ಅಂದ್ರು. ಕಾಗದದ ಹೆಸರು ಹೇಳಿ ಕಟ್ಟಿಸಿದ್ರು. ಕಟ್ಟಿದ ಕೈ ನಂದೇ, ಅದಕ್ಕೆ ಆ ಅಮ್ಮನ ಹತ್ರ ಕ್ಷಮೆ ಕೇಳ್ತೀನಿ. ನೀನೂ ಅಲ್ಲೇ ಇದ್ದೆ, ಎಲ್ಲಾ ಕೇಳಿಸ್ಕೊಂಡೆ ಅಂತ ಅದನ್ನೂ ಹೇಳು.”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಲೆಷೆಕ್‌ನ ಲೈಸೆನ್ಸು ಹೋದರೆ ಇಬ್ಬರ ಕಾಗದವೂ ಹೋಗುತ್ತದೆ, ಇಬ್ಬರು ಮುಳುಗುವ ಬದಲು ಒಬ್ಬ ಮುಳುಗಲಿ ಎಂದುಕೊಂಡೆ ಅಂತ ಆಮೇಲೆ ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಅದು ಆಮೇಲಿನ ಲೆಕ್ಕಾಚಾರ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಇವನು ಹೋದರೆ ಸರದಿ ನನ್ನದು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: “ನಮ್ಮ ಊರಲ್ಲೆಲ್ಲ ಹೀಗೇ ಮಾಡೋದು ಅಂತಾನೆ ಸರ್. ಯಾರನ್ನೂ ಕೇಳ್ಲಿಲ್ವಂತೆ, ತಾನಾಗೇ ಕಟ್ಟಿದ್ದಂತೆ. ಇಲ್ಲಿ ತಪ್ಪು ಅಂತ ಗೊತ್ತಿರ್ಲಿಲ್ಲ, ಕ್ಷಮಿಸಿ ಅಂತಿದ್ದಾನೆ.”

ಕಾಲಹನ್ ರೋಮೆಕ್‌ನ ಎದುರಿಗೆ ಬಂದು ನಿಂತ. “ಇದು ನಿಜಾನಾ?” ಎಂದು ನೇರ ಅವನನ್ನೇ ಕೇಳಿದ.

“ಎಸ್,” ಎಂದ ರೋಮೆಕ್, ತಲೆಯಾಡಿಸಿ. “ಎಸ್, ಎಸ್. ಥ್ಯಾಂಕ್ಯೂ.”

ಲೆಷೆಕ್‌ಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಸಂತೆಯಲ್ಲಿ ಸೋವಿಗೆ ಒಳ್ಳೇ ಎತ್ತು ಸಿಕ್ಕವನ ಹಾಗೆ ನೋಡಿದ.

“ಎಲ್ಲಾ ಹೇಳ್ದೆಯಾ?” ರೋಮೆಕ್ ಪಿಸುಗುಟ್ಟಿದ.

“ಎಲ್ಲಾ ಹೇಳ್ದೆ.”

ಅಂಗಳದಲ್ಲಿ ಲೆಷೆಕ್ ಅವನನ್ನು ಕೆಲಸದಿಂದ ತೆಗೆದ. ತೆಗೆಯುವಾಗಲೂ ಸುಮ್ಮನೆ ತೆಗೆಯಲಿಲ್ಲ. “ಅಮೆರಿಕದವ್ನು ಯಜಮಾನನ ಮಾತು ನಂಬ್ತಾನೋ, ಎರಡು ಅಕ್ಷರ ಇಂಗ್ಲಿಷ್ ಬಾರದ ದನದ ಮಾತು ನಂಬ್ತಾನೋ? ನನ್ನ ಮೇಲೇ ಹೇಳೋಕೆ ಹೊರಟ್ಯಲ್ಲ! ಹೋಗು, ಹೋಗಿ ನಿನ್ನ ಕಾರ್ಖಾನೆಯಲ್ಲಿ ಸೊನ್ನೆ ಕಟ್ಟು.”

ರೋಮೆಕ್ ನನ್ನ ಕಡೆ ತಿರುಗಿದ. ನನ್ನ ಮೇಲೆ ಒಂದಿಷ್ಟೂ ಅನುಮಾನವಿಲ್ಲ. ಬದಲಿಗೆ ನನ್ನ ಎರಡೂ ಕೈ ಹಿಡಿದುಕೊಂಡ. “ನೀನು ನನ್ನ ಪರ ಮಾತಾಡ್ದೆ ತಮ್ಮಾ. ನಿನ್ನ ಕೆಲಸಾನೂ ಹೋಗ್ಬಹುದಿತ್ತು. ಅವ್ರು ನಂಬ್ಲಿಲ್ಲ, ಅದಕ್ಕೆ ನೀನೇನು ಮಾಡ್ತೀಯ.”

ಗೋಡೆ ಬಿಚ್ಚಿ ಸರಿಮಾಡಿದ ಮೇಲೆಯೇ ಮತ್ತೆ ಬರುತ್ತೇನೆಂದು ಕಾಲಹನ್ ಬರೆದುಕೊಟ್ಟು ಹೋಗಿದ್ದ. ಬಡಗಿ ಕಪಾಟು ಇಳಿಸಿದ, ನಾನು ಗೋಡೆ ಬಿಚ್ಚಿದೆ. ರೋಮೆಕ್ ಹೇಳಿದ ಜಾಗದಲ್ಲೇ, ಹೇಳಿದಂತೆಯೇ, ಎರಡಡಿ ಉದ್ದದ ರಬ್ಬರ್ ಹೋಸು. ಅದನ್ನು ಕಿತ್ತು, ಹಳೇ ಪೈಪಿನ ಎರಡು ತುದಿಯನ್ನೂ ಲೋಹ ಹೊಳೆಯುವವರೆಗೆ ಕೆರೆದು, ಅಡಾಪ್ಟರ್ ಹಾಕಿ ನಡುವೆ ಹೊಸ ತುಂಡು ಕೂರಿಸಿದೆ. ಮೀಟರ್ ಹಿಡಿದರೆ ಅರ್ತಿಂಗ್ ಬಂತು. ಎಲ್ಲ ಸೇರಿ ಒಂದೂವರೆ ದಿನ ಹಿಡಿಯಿತು.

ರೋಮೆಕ್ ಬೇರೆ ಯಜಮಾನರ ಬಾಗಿಲು ತಟ್ಟಿದ. ಆರ್ಚರ್ ರಸ್ತೆಯ ನಮ್ಮ ಜನರಲ್ಲಿ ಸುದ್ದಿ ಗಾಳಿಗಿಂತ ಬೇಗ ಹೋಗುತ್ತದೆ. ಲೆಷೆಕ್ ಅದನ್ನು ಹೋಗಬೇಕಾದ ಕಡೆಗೆಲ್ಲ ತಾನೇ ಮುಟ್ಟಿಸಿದ್ದ. ಜೂನ್‌ನಲ್ಲಿ ರೋಮೆಕ್ ಊರಿಗೆ ಹೊರಟ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಅಷ್ಟು ಹೊತ್ತಿಗೆ ವಕೀಲನ ಕೋಣೆಯಲ್ಲಿ ನನ್ನ ಕಾಗದಕ್ಕೆ ಲೆಷೆಕ್‌ನ ರುಜು ಬಿದ್ದಿತ್ತು.

ಮೂರು ವರ್ಷಕ್ಕೆ ನನ್ನ ಹೆಂಡತಿ ಯೊಲಾಂತಾ, ಇಬ್ಬರು ಗಂಡುಮಕ್ಕಳು ಬಂದರು. ಪ್ರತಿ ಡಿಸೆಂಬರಿನಲ್ಲಿ ರೋಮೆಕ್‌ನಿಂದ ಒಂದು ಲಕೋಟೆ ಬರುತ್ತಿತ್ತು. ಒಳಗೆ ಕ್ರಿಸ್‌ಮಸ್ ರೊಟ್ಟಿ, ಕಾಗದದಷ್ಟು ತೆಳ್ಳಗೆ, ಬೆಳ್ಳಗೆ. ಹಬ್ಬದ ಹಿಂದಿನ ಸಂಜೆ ಊಟಕ್ಕೆ ಕೂರುವ ಮೊದಲು ನಾವು ಒಬ್ಬರ ಕೈಯಿಂದೊಬ್ಬರು ಇದನ್ನು ಮುರಿದುಕೊಂಡು ತಿಂದು, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಿಕೊಳ್ಳುತ್ತೇವೆ. ದೂರ ಇರುವವರಿಗೆ ಕಳಿಸುವಾಗ ಕಳಿಸುವವನು ಒಂದು ಮೂಲೆ ಮುರಿದು ತಿಂದಿರುತ್ತಾನೆ. ರೋಮೆಕ್‌ನ ರೊಟ್ಟಿಯಲ್ಲೂ ಮೂಲೆ ಇರುತ್ತಿರಲಿಲ್ಲ. ‘ನನ್ನ ಪರ ನಿಂತವನಿಗೆ’ ಎಂದು ಜೊತೆಗೆ ಎರಡು ಸಾಲು. ಯೊಲಾಂತಾ ಅದನ್ನು ಮೇಜಿನ ನಡುವೆ ಇಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ಗಂಟಲಲ್ಲಿ ಇಳಿಯದು ಎನ್ನುತ್ತಾರಲ್ಲ, ಸುಳ್ಳು. ಇಳಿಯುತ್ತದೆ.

೧೯೯೯ರಲ್ಲಿ ನನಗೆ ಸ್ವಂತ ಲೈಸೆನ್ಸು ಬಂತು. ಆ ವರ್ಷ ರೊಟ್ಟಿಯ ಜೊತೆಗೆ ಉದ್ದನೆಯ ಪತ್ರವಿತ್ತು. ‘ಕಾರ್ಖಾನೆ ಮುಚ್ಚಿತು. ಕಿಂಗಾಗೆ ಹದಿನೈದು, ಓದಿನಲ್ಲಿ ಚುರುಕು. ನೀನು ಈಗ ಯಜಮಾನ ಆಗಿದ್ದೀಯಂತೆ, ಕೇಳಿ ಕುಣಿದಾಡಿದೆ. ಗಡಿಯಲ್ಲಿ ನನಗೆ ತಡೆ ಇರಬಹುದು, ಆದರೂ ನಿನ್ನಂಥವನು ಬರೆದುಕೊಟ್ಟರೆ ದಾರಿ ಉಂಟು ಅಂತ ಇಲ್ಲಿನ ವಕೀಲ ಹೇಳುತ್ತಾನೆ. ನನಗೆ ಇನ್ನೂ ಹತ್ತು ವರ್ಷ ಕೆಲಸ ಮಾಡುವ ಕೈ ಇದೆ. ಈ ಸಲ ಇಂಗ್ಲಿಷ್ ಕಲಿಯುತ್ತೇನೆ, ಕಿಂಗಾ ಈಗಲೇ ಪಾಠ ಶುರುಮಾಡಿದ್ದಾಳೆ.’

ಕೆಲಸಗಾರರಿಗಾಗಿ ನಾನು ಆಗ ಬಾಯಿ ಬಾಯಿ ಬಿಡುತ್ತಿದ್ದೆ. ಅವನಂಥ ಕೈ ಇಡೀ ಶಿಕಾಗೋದಲ್ಲಿ ಇರಲಿಲ್ಲ. ಆದರೆ ಕೊನೆಯ ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಇಂಗ್ಲಿಷ್ ಕಲಿಯುತ್ತಾನಂತೆ. ಕಾಲಹನ್ ಇನ್ನೂ ಕೆಲಸದಲ್ಲಿದ್ದ, ಪಸೆಲ್ಲಿ ಅಮ್ಮ ಅದೇ ಮನೆಯಲ್ಲಿದ್ದಳು. ಯಾವುದಾದರೂ ನೆಲಮಾಳಿಗೆಯಲ್ಲಿ ಕಾಲಹನ್ ರೋಮೆಕ್‌ಗೆ ಎದುರಾಗಿ, ‘ಗೊತ್ತಿರಲಿಲ್ಲ ಅಂದಿದ್ದೆಯಲ್ಲ, ಈಗ ಗೊತ್ತಾಯಿತಾ?’ ಎಂದರೆ ಸಾಕು.

ನಾನು ಉತ್ತರ ಬರೆದೆ: ‘ರೋಮೆಕ್, ನಿನ್ನ ಹೆಸರನ್ನು ಇಲ್ಲಿ ಕಪ್ಪುಪಟ್ಟಿಗೆ ಸೇರಿಸಿದ್ದಾರೆ. ನಾನೇ ಹೋಗಿ ವಿಚಾರಿಸಿದೆ. ಯಾರು ಬರೆದುಕೊಟ್ಟರೂ ಆಗುವುದಿಲ್ಲ. ಒಬ್ಬ ಹೆಂಗಸಿನ ಜೀವ ಹೋಗುತ್ತಿತ್ತಲ್ಲ, ಅದನ್ನು ಅವರು ಮರೆತಿಲ್ಲ. ನೀನೂ ಮರೆಯಬೇಡ.’ ಕಪ್ಪುಪಟ್ಟಿ ಎಂಬುದು ಎಲ್ಲೂ ಇರಲಿಲ್ಲ. ನಾನು ಎಲ್ಲಿಗೂ ಹೋಗಿ ವಿಚಾರಿಸಿರಲಿಲ್ಲ. ಕೊನೆಯ ಸಾಲು ಬೇಕಾಗಿಯೇ ಇರಲಿಲ್ಲ. ಬರೆಯುವಾಗ ಒಂಥರಾ ಹಿತವಾಯಿತು, ಅದಕ್ಕೇ ಬರೆದೆ.

ಮುಂದಿನ ಡಿಸೆಂಬರಿನಲ್ಲಿ ಲಕೋಟೆ ಬರಲಿಲ್ಲ. ಯೊಲಾಂತಾ ಹಬ್ಬದ ಸಂಜೆಯವರೆಗೂ ಕಾದು, ಕೊನೆಗೆ ಚರ್ಚಿನಲ್ಲಿ ಕೊಟ್ಟ ರೊಟ್ಟಿಯನ್ನೇ ಮೇಜಿನ ಮೇಲಿಟ್ಟಳು.

“ನಿಮ್ಮ ಸ್ನೇಹಿತ ಮರೆತೇಬಿಟ್ರಾ?” ಎಂದು ಕೇಳಿದಳು.

“ಜನ ಹಾಗೇ ಕಣೇ. ಕೆಲಸ ಆಗುತ್ತೆ ಅನ್ನೋವರೆಗೆ ತಮ್ಮಾ, ತಮ್ಮಾ. ಆಗಲ್ಲ ಅಂದ್ಮೇಲೆ ಯಾರು ಕೇಳ್ತಾರೆ?”

ಅವಳು ಪಾಪ, ಹೌದೆಂದು ನಿಟ್ಟುಸಿರು ಬಿಟ್ಟಳು. ಆಮೇಲೆ ಪದ್ಧತಿಯಂತೆ ರೊಟ್ಟಿಯನ್ನು ನನ್ನ ಮುಂದೆ ಹಿಡಿದು, ವರ್ಷವಿಡೀ ಏನಾದರೂ ತಪ್ಪು ಮಾಡಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದು ಕ್ಷಮೆ ಕೇಳಿದಳು. ನಾನು ಒಂದು ಚೂರು ಮುರಿದುಕೊಂಡು ಬಾಯಿಗೆ ಹಾಕಿಕೊಂಡೆ, ಅವಳನ್ನು ಕ್ಷಮಿಸಿದೆ.